ನಿಲ್ಸು ಅಂದ್ರೆ ನಿಲ್ಲೋ ಗಾಡಿ

ಹೊಸ ಕಾರು ಮನೆಗೆ ಬಂದು ಏಳು ವಾರ ಆಯ್ತು. ಆಫೀಸಿನ ಕ್ಯಾಂಟೀನ್‌ನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ, ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಒಂದು, "ಎಷ್ಟಾಯ್ತು?" ಇನ್ನೊಂದು, "ಎಷ್ಟು ಕೊಡುತ್ತೆ?" ಎರಡಕ್ಕೂ ಉತ್ತರ ಮುಂದೆ ಹೇಳ್ತೀನಿ. ಆದರೆ ಈ ಏಳು ವಾರದಲ್ಲಿ ನನಗೆ ಗೊತ್ತಾದ ಮುಖ್ಯ ವಿಷಯ ಈ ಎರಡೂ ಅಲ್ಲ.

ನಾವು ಕಾರು ತಗೊಳ್ಳೋ ಜನ ಆಗಿರಲಿಲ್ಲ. ನನಗೆ ಮೆಟ್ರೊ, ಇವರಿಗೆ ಸ್ಕೂಟರ್, ಮಗಳಿಗೆ ಸ್ಕೂಲ್ ವ್ಯಾನ್. ಎಲ್ಲಾದರೂ ಹೋಗಬೇಕಂದ್ರೆ ಫೋನಲ್ಲಿ ಕ್ಯಾಬ್. ನಾಲ್ಕು ವರ್ಷದಿಂದ ಅಪ್ಪ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 71. ಸಕಲೇಶಪುರ ತಾಲ್ಲೂಕಿನ ಹೆತ್ತೂರು ಹೋಬಳಿಯ ಒಂದು ಸಣ್ಣ ಊರು ಅವರದ್ದು. ಮೊದಲೆಲ್ಲ ವರ್ಷಕ್ಕೆ ಮೂರು ಸಲ ಊರಿಗೆ ಓಡುತ್ತಿದ್ದವರು, ಇದ್ದಕ್ಕಿದ್ದಂತೆ ಹೋಗೋದೇ ಬಿಟ್ಟರು. ದೊಡ್ಡಪ್ಪ ಫೋನ್ ಮಾಡಿ ಕರೆದರೂ, "ಯಾಕೋ ಮನಸ್ಸಿಲ್ಲ ಕಣಣ್ಣ, ಇಲ್ಲೇ ಆರಾಮಾಗಿದ್ದೀನಿ" ಅನ್ನೋರು. ಹೀಗೇ ಮೂರು ವರ್ಷ ಕಳೆಯಿತು. ಊರಿನ ಪಾಲು, ಹಿಸ್ಸೆ ಅಂತ ಅಣ್ಣ ತಮ್ಮನ ನಡುವೆ ಏನೋ ಆಗಿರಬೇಕು ಅಂತ ನಾನು ಅಂದುಕೊಂಡಿದ್ದೆ.

ಒಂದು ದಿನ ಸೊಪ್ಪು ಬಿಡಿಸುತ್ತಾ ಅಮ್ಮ ಮೆಲ್ಲಗೆ ಹೇಳಿದಳು. "ಜಗಳ ಗಿಗಳ ಏನಿಲ್ಲ. ಅವರಿಗೆ ಗಂಟೆಗೊಂದು ಸಲ ಹೋಗಬೇಕು. ಬಸ್ಸಲ್ಲಿ ಹೇಳೋಕೆ ನಾಚಿಕೆ."

ಪ್ರಾಸ್ಟೇಟ್ ಸಮಸ್ಯೆ. ವಯಸ್ಸಾದ ಗಂಡಸರಲ್ಲಿ ತೀರಾ ಸಾಮಾನ್ಯ. ಅಪ್ಪನಿಗೆ ಮಾತ್ರೆ ನಡೀತಿದೆ ಅಂತ ನನಗೆ ಗೊತ್ತಿತ್ತು. ಆದರೆ ಅದಕ್ಕೂ ಊರಿಗೂ ನಂಟು ಹಾಕಿ ನಾನು ಯೋಚನೆ ಮಾಡಿರಲಿಲ್ಲ. ಮೂರು ವರ್ಷದ ಹಿಂದೆ ಒಂದು ರಾತ್ರಿ ಬಸ್ಸಿನಲ್ಲಿ ನಿಲ್ಲಿಸಿ ಅಂತ ಕೇಳಿದ್ದಕ್ಕೆ, ಎಲ್ಲರೆದುರು ಏನೋ ಅನ್ನಿಸಿಕೊಂಡಿದ್ದರಂತೆ. ಅವತ್ತೇ ಕೊನೆ. "ಕ್ಯಾಬ್ ಮಾಡಿಕೊಡ್ತಿದ್ನಲ್ಲಮ್ಮ" ಅಂದೆ. "ಆ ಹುಡುಗನಿಗೂ ಹತ್ತು ಸಲ ನಿಲ್ಸು ಅನ್ನೋಕೆ ಇವರಿಗೆ ಸಂಕೋಚ" ಅಂದಳು.

ಕಾರಿನ ಮಾತು ನಮ್ಮ ಮನೆಯಲ್ಲಿ ಶುರುವಾಗಿದ್ದು ಹೀಗೆ.

ಕೂತು ಏಳೋ ಪರೀಕ್ಷೆ

ಶೋರೂಮಿನಲ್ಲಿ ಸೇಲ್ಸ್ ಹುಡುಗರು ತೋರಿಸೋದೇ ಬೇರೆ: ದೊಡ್ಡ ಸ್ಕ್ರೀನು, ಸನ್‌ರೂಫು, ಬಣ್ಣ ಬದಲಾಯಿಸೋ ಲೈಟು. ನಾವು ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಅಪ್ಪ ಬಾನೆಟ್ ಕಡೆ ನೋಡಲೇ ಇಲ್ಲ. ಹಿಂದಿನ ಬಾಗಿಲು ತೆಗೆಯೋರು, ಕೂರೋರು, ಏಳೋರು. ಅಷ್ಟೇ ಅವರ ಟೆಸ್ಟ್ ಡ್ರೈವ್. ಸಣ್ಣ ಕಾರಿನಲ್ಲಿ ಸೀಟು ತಗ್ಗು, ಬಾವಿಗೆ ಇಳಿದ ಹಾಗೆ. ಏಳುವಾಗ ಮಂಡಿ ಮೇಲೆ ಭಾರ. ದೊಡ್ಡ ಎಸ್‌ಯುವಿಯಲ್ಲಿ ಸೀಟು ಎತ್ತರ. ಅಮ್ಮ ಸೀರೆ ಹಿಡಿದುಕೊಂಡು ಹತ್ತೋದರೊಳಗೆ ಸುಸ್ತು. ಎರಡಕ್ಕೂ ನಡುವಿನ ಎತ್ತರ ಸಿಕ್ಕಿದ್ದು ಎರ್ಟಿಗಾದಲ್ಲಿ. ಅಪ್ಪ ಸೊಂಟ ಬಗ್ಗಿಸದೆ ಪಕ್ಕಕ್ಕೆ ಸರಿದು ಕೂತರು, ಕಾಲು ಒಳಗೆಳೆದುಕೊಂಡರು, ಮತ್ತೆ ಹಾಗೇ ಇಳಿದರು. "ಇದು ಪರವಾಗಿಲ್ಲ" ಅಂದರು. ಮೇಷ್ಟ್ರ ಬಾಯಲ್ಲಿ 'ಪರವಾಗಿಲ್ಲ' ಅಂದ್ರೆ ಡಿಸ್ಟಿಂಕ್ಷನ್.

ಈಗ ಮೊದಲನೇ ಪ್ರಶ್ನೆಗೆ ಉತ್ತರ. ಆನ್‌ರೋಡ್ 13 ಲಕ್ಷ ದಾಟಿತು. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದ ನಡುವಿನ ಕಾರಿಗೆ ಜೀವಮಾನ ತೆರಿಗೆಯೇ ಶೇ 17, ಅದರ ಮೇಲೆ ಸೆಸ್ ಬೇರೆ. ಇವರು ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕಿ ತೋರಿಸಿದರು: ಐದು ವರ್ಷದ ಇಎಂಐ ದುಡ್ಡಿನಲ್ಲಿ ತಿಂಗಳಿಗೆ ಎಷ್ಟು ಕ್ಯಾಬ್ ಮಾಡಬಹುದು ಅಂತ. ಲೆಕ್ಕ ಸರಿಯಾಗೇ ಇತ್ತು. ಬುಕ್ ಮಾಡಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಮನೆ ಸಾಲ ಇನ್ನೂ ಇದೆ, ಮಗಳ ಫೀಸು ವರ್ಷವರ್ಷ ಏರುತ್ತೆ. ಒಬ್ಬರು ಊರಿಗೆ ಹೋಗಿ ಬರಲಿ ಅಂತ ಯಾರಾದರೂ 13 ಲಕ್ಷ ಹಾಕ್ತಾರಾ?

ಊರೊಳಗಿನ ನಾಲ್ಕು ವಾರ

ಮೊದಲ ನಾಲ್ಕು ವಾರ ಕಾರಿನ ಜೊತೆ ಪರಿಚಯ ಮಾಡಿಕೊಂಡಿದ್ದು ಬೆಂಗಳೂರಿನ ಒಳಗೇ. ಲೈಸೆನ್ಸ್ ತಗೊಂಡು ಒಂಬತ್ತು ವರ್ಷ ಆಗಿದ್ದರೂ ನಾನು ಓಡಿಸಿದ್ದು ಕಡಿಮೆ. ಈ ಗಾಡಿಯ ಉದ್ದ 4395 ಮಿ.ಮೀ. ಕಾಗದದ ಮೇಲೆ ಅದು ಬರೀ ಅಂಕಿ. ಬೇಸ್‌ಮೆಂಟಿನ ಎರಡು ಕಂಬದ ನಡುವೆ ರಿವರ್ಸ್ ತೆಗೆಯುವಾಗ ಆ ಅಂಕಿಗೆ ಜೀವ ಬರುತ್ತೆ. ಎರಡನೇ ವಾರವೇ ಎಡಗಡೆ ಹಿಂದಿನ ಬಂಪರಿಗೆ ಒಂದು ಗೀಟು ಬಿತ್ತು. ತಪ್ಪು ಪೂರ್ತಿ ನನ್ನದೇ. ಸೆನ್ಸಾರ್ ಪೀಂ ಪೀಂ ಅಂತ ಬಡಕೊಳ್ಳುತ್ತಿತ್ತು, ನಾನು ಕ್ಯಾಮೆರಾ ಮಾತ್ರ ನೋಡುತ್ತಿದ್ದೆ. ಇವರು ಏನೂ ಅನ್ನಲಿಲ್ಲ. ಅಮ್ಮ ಮಾತ್ರ "ದೃಷ್ಟಿ ಹೋಯ್ತು ಬಿಡು" ಅಂದು ನಿಂಬೆಹಣ್ಣಿನ ಖರ್ಚು ಉಳಿಸಿದಳು.

ಒಂದು ಸಮಾಧಾನ, ಇದು ಉದ್ದ ಇದ್ದರೂ ತಿರುಗೋಕೆ ಹಠ ಮಾಡಲ್ಲ. ಟರ್ನಿಂಗ್ ರೇಡಿಯಸ್ 5.2 ಮೀಟರ್. ನಮ್ಮ ಏರಿಯಾದ ಕ್ರಾಸುಗಳಲ್ಲಿ ಯು ಟರ್ನ್ ಹೊಡೆಯೋವಾಗ ಎರಡು ಸಲ ಹಿಂದೆಮುಂದೆ ಮಾಡಬೇಕಾಗಿದ್ದು ಕಡಿಮೆ. ಎರಡನೇ ಸಾಲಿಗೆ ಚಾವಣಿಯಲ್ಲಿ ಬೇರೆ ಎಸಿ ಕಿಂಡಿ ಇದೆ. ಗಾಳಿಯ ವೇಗ ಹಿಂದೆ ಕೂತವರೇ ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು. ತಣ್ಣನೆ ಗಾಳಿ ಮುಖಕ್ಕೆ ಬಡಿದರೆ ಅಪ್ಪನಿಗೆ ಆಗಲ್ಲ. "ಎಸಿ ಕಮ್ಮಿ ಮಾಡಮ್ಮ" ಅಂತ ಕೇಳಬೇಕಾದ ಮಾತು ಒಂದು ತಪ್ಪಿತು.

ಮೊದಲ ಫ್ರೀ ಸರ್ವೀಸ್ ಒಂದು ತಿಂಗಳಿಗೆ ಅಥವಾ 1000 ಕಿ.ಮೀ.ಗೆ. ನಮ್ಮದು ತಿಂಗಳಿಗೇ ಬಂತು, ಆಗ ಮೀಟರ್ 640ರಲ್ಲಿತ್ತು. ಅದು ಮುಗಿದ ಶನಿವಾರ, ಡಿಸೆಂಬರ್ ತಿಂಗಳ ಚಳಿಯಲ್ಲಿ, ಬೆಳಗ್ಗೆ ಆರಕ್ಕೆ ಹೊರಟೆವು. ಅಪ್ಪನಿಗೆ ಒಂದೇ ಮಾತು ಹೇಳಿದ್ದೆ: "ಗಾಡಿ ಹೊಸದು, ಗಂಟೆಗೊಂದು ಸಲ ನಿಲ್ಲಿಸಿ ಎಂಜಿನ್‌ಗೆ ರೆಸ್ಟ್ ಕೊಡಬೇಕಂತೆ." ಶುದ್ಧ ಸುಳ್ಳು. ಅಪ್ಪ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು, ಏನೂ ಹೇಳಲಿಲ್ಲ.

ಒಂಬತ್ತು ಕಡೆ ನಿಂತ ದಾರಿ

ನೆಲಮಂಗಲದಲ್ಲಿ ತುಮಕೂರು ರಸ್ತೆ ಬಿಟ್ಟು ಎಡಕ್ಕೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 75. ಹಾಸನದವರೆಗೂ ನಾಲ್ಕು ಪಥ. ಈ ದಾರಿಯಲ್ಲಿ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೀನಿ, ಹೆಚ್ಚಾಗಿ ನಿದ್ದೆ ಮಾಡುತ್ತಾ. ಓಡಿಸುತ್ತಾ ಹೋದಾಗಲೇ ದಾರಿ ಕಣ್ಣಿಗೆ ಬಿದ್ದಿದ್ದು.

ಈಗಿನ ಕಾರುಗಳಲ್ಲಿ ಸ್ಪೀಡು 80 ದಾಟಿದರೆ ಬೀಪ್ ಅನ್ನುತ್ತೆ, 120 ದಾಟಿದರೆ ಬಿಡದೆ ಕಿರುಚುತ್ತೆ. 2019ರ ಜುಲೈನಿಂದ ಎಲ್ಲ ಹೊಸ ಕಾರಿಗೂ ಇದು ಕಡ್ಡಾಯ. ನನ್ನ ಗೆಳೆಯರಿಗೆಲ್ಲ ಆ ಸದ್ದು ಕಂಡರೆ ಆಗಲ್ಲ. ಅಪ್ಪನಿಗೆ ಇಡೀ ಗಾಡಿಯಲ್ಲಿ ಅತಿ ಇಷ್ಟವಾಗಿದ್ದೇ ಅದು. ಬೀಪ್ ಅಂದಾಗಲೆಲ್ಲ ಹಿಂದಿನಿಂದ "ಹ್ಞೂಂ, ಕೇಳಿಸ್ತಾ?" ಅನ್ನೋರು. ಕೊನೆಗೆ 80ರ ಒಳಗೇ ಇರೋದು ನೆಮ್ಮದಿ ಅನ್ನಿಸಿತು.

ಮೊದಲ ನಿಲುಗಡೆ ಕುಣಿಗಲ್ ಹತ್ತಿರದ ಒಂದು ಪೆಟ್ರೋಲ್ ಬಂಕ್. ವಯಸ್ಸಾದವರನ್ನು ಕರೆದುಕೊಂಡು ಹೋಗೋರಿಗೆ ಒಂದು ಮಾತು: ಬಂಕ್‌ಗಳಲ್ಲಿ ಶೌಚಾಲಯ, ಕುಡಿಯೋ ನೀರು, ಟೈರಿಗೆ ಗಾಳಿ ಉಚಿತವಾಗಿ ಸಿಗಬೇಕು. ಪೆಟ್ರೋಲ್ ಹಾಕಿಸಲೇಬೇಕು ಅಂತಿಲ್ಲ, ಧೈರ್ಯವಾಗಿ ನಿಲ್ಲಿಸಿ. ನಾನು ಗಾಳಿ ಚೆಕ್ ಮಾಡಿಸುವ ನೆಪದಲ್ಲಿ ಇಳಿದೆ. ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಸ್ಟಿಕ್ಕರ್ ಇರುತ್ತೆ, ಜನ ಕಡಿಮೆ ಇದ್ದಾಗ ಎಷ್ಟು ಗಾಳಿ, ಫುಲ್ ಲೋಡ್ ಇದ್ದಾಗ ಎಷ್ಟು ಅಂತ. ಅದನ್ನು ಓದೋಕೆ ನನಗೆ ನಾಲ್ಕು ವಾರ ಬೇಕಾಯ್ತು. ಅಪ್ಪ ಹೋಗಿ ಬಂದು ಬಾಗಿಲ ಹತ್ತಿರ ಒಂದು ನಿಮಿಷ ನಿಂತರು. "ಕುಣಿಗಲ್ ಕುದುರೆ ಫಾರಂ ಗೊತ್ತಾ? ಹೈದರಾಲಿ ಕಾಲದ್ದು" ಅಂತ ಮಗಳಿಗೆ ಪಾಠ ಶುರುವಾಯ್ತು.

ಎರಡನೆಯದು ಎಡೆಯೂರು. ಸಿದ್ಧಲಿಂಗೇಶ್ವರ ಸ್ವಾಮಿಗೆ ಅಮ್ಮ ಕೈಮುಗಿದಳು. ಮೂರನೆಯದು ಬೆಳ್ಳೂರು ಕ್ರಾಸ್ ದಾಟಿ ತಿಂಡಿಗೆ. ನಾಲ್ಕನೆಯದು ಚನ್ನರಾಯಪಟ್ಟಣ. ಅಲ್ಲಿ ಎಡಕ್ಕೆ ಶ್ರವಣಬೆಳಗೊಳದ ಬೋರ್ಡು ನೋಡಿ ಅಪ್ಪ ಮಾತಿಗಿಳಿದರು. ಗೊಮ್ಮಟನಿಗೆ ಸಾವಿರ ವರ್ಷ ತುಂಬಿದ 1981ರ ಮಹಾಮಸ್ತಕಾಭಿಷೇಕಕ್ಕೆ ಅಣ್ಣ ತಮ್ಮ ಇಬ್ಬರೂ ಊರಿನಿಂದ ಲಾರಿಯ ಹಿಂದೆ ನಿಂತುಕೊಂಡು ಬಂದಿದ್ದರಂತೆ. ಬೆಟ್ಟ ಹತ್ತುವ ನೂಕುನುಗ್ಗಲಲ್ಲಿ ಅಪ್ಪನ ಒಂದು ಚಪ್ಪಲಿ ಹೋಯ್ತಂತೆ. ದೊಡ್ಡಪ್ಪ ತಮ್ಮ ಚಪ್ಪಲಿ ತಮ್ಮನಿಗೆ ಕೊಟ್ಟು ತಾವು ಬರಿಗಾಲಲ್ಲಿ ವಾಪಸ್ ಬಂದರಂತೆ. 36 ವರ್ಷದಲ್ಲಿ ನಾನು ಈ ಕತೆ ಕೇಳಿರಲೇ ಇಲ್ಲ. ಬಸ್ಸು ಅಲ್ಲಿ ನಿಂತಿದ್ದರೂ ಕೇಳುತ್ತಿರಲಿಲ್ಲ ಅನ್ನಿ. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡಿರುತ್ತಿದ್ದೆ.

ಹಾಸನದಲ್ಲಿ ಚಿಕ್ಕಮ್ಮ ಹತ್ತಿದಳು. ಅಲ್ಲಿಗೆ ನಾವು ಆರು ಜನ, ಏಳು ಸೀಟಿನ ನಿಜ ಬಣ್ಣ ತಿಳಿಯುವ ಹೊತ್ತು. ಮೂರನೇ ಸಾಲು ಎತ್ತಿದರೆ ಹಿಂದೆ ಉಳಿಯೋ ಜಾಗ 209 ಲೀಟರ್, ಅಂದರೆ ಎರಡು ಸೂಟ್‌ಕೇಸು, ಒಂದು ಬ್ಯಾಗು. ಆ ಸಾಲು ಮಡಚಿದರೆ 550 ಲೀಟರ್, ಸಣ್ಣ ಸಂಸಾರವನ್ನೇ ಹಾಕಬಹುದು. ಈ ಗಾತ್ರದ ಯಾವ ಗಾಡಿಯಾದರೂ ಇದೇ ಹಣೆಬರಹ: ಏಳು ಜನ ಅಥವಾ ಏಳು ಜನರ ಲಗೇಜು, ಎರಡರಲ್ಲಿ ಒಂದು. ನಾವು ಮೂರನೇ ಸಾಲಿನ ಅರ್ಧ ಮಡಚಿ, ಇನ್ನರ್ಧದಲ್ಲಿ ಮಗಳನ್ನು ಕೂರಿಸಿದೆವು. ಅವಳಿಗೆ ಅದು ಬಸ್ಸಿನ ಲಾಸ್ಟ್ ಸೀಟ್, ಖುಷಿಯೋ ಖುಷಿ. ಬಾಳ್ಳುಪೇಟೆ ದಾಟಿ ದಾರಿ ಅಂಕುಡೊಂಕಾದಾಗ ಅವಳ ಮುಖ ಬಾಡಿತು. ಹಿಂದಿನ ಚಕ್ರದ ಮೇಲೇ ಕೂರುವುದರಿಂದ ಅಲ್ಲಿ ಕುಲುಕಾಟ ಜಾಸ್ತಿ. ಮತ್ತೆ ನಿಲ್ಲಿಸಿದೆವು. ಅವಳನ್ನು ಮುಂದೆ ತಂದು, ಇವರು ಹಿಂದೆ ಮಂಡಿ ಮಡಚಿಕೊಂಡು ಕೂತರು. ಐದಡಿ ಎಂಟಿಂಚಿನ ಗಂಡಸು ಅಲ್ಲಿ ಒಂದು ಗಂಟೆ ಕೂರಬಹುದು, ಸಂಜೆವರೆಗೂ ಕೂರೋಕಾಗಲ್ಲ. ನಂಬಿ, ನಮ್ಮ ಮನೆಯಲ್ಲೇ ಪ್ರಯೋಗ ಆಗಿದೆ.

ಸಕಲೇಶಪುರದ ಹೇಮಾವತಿ ಸೇತುವೆ ಹತ್ತಿರ ಬಂದಾಗ ಅಪ್ಪ ಕಿಟಕಿ ಇಳಿಸಿದರು. ಕಾಫಿ ಹಣ್ಣು ಕೊಯ್ಲಿನ ಕಾಲ, ಗಾಳಿಯಲ್ಲಿ ಹಣ್ಣಿನ ಸಿಪ್ಪೆಯ ಹುಳಿವಾಸನೆ. ಅಲ್ಲಿಂದ ಹೆತ್ತೂರು ಕಡೆಗೆ ರಸ್ತೆ ಕಿರಿದು. ತುಂಬಿದ ಗಾಡಿ, 1462 ಸಿಸಿ ಎಂಜಿನ್. ಹೆದ್ದಾರಿಯಲ್ಲಿ ಸದ್ದಿಲ್ಲದೆ ಓಡಿದ್ದು ಇಲ್ಲಿ ಎರಡನೇ ಗೇರು ಕೇಳಿತು. ನನಗೆ ಮೊದಲ ಸಲ ಭಯ ಆಗಿದ್ದು ಇಲ್ಲೇ. ಏರಿನಲ್ಲಿ ಎದುರಿಗೊಂದು ಜೀಪು ಬಂತು, ನಿಲ್ಲಿಸಿದೆ. ಮತ್ತೆ ಹೊರಡುವಾಗ ಗಾಡಿ ಹಿಂದಕ್ಕೆ ಜಾರಿದರೆ? ಹಿಲ್ ಹೋಲ್ಡ್ ಅನ್ನೋದು ಎರಡು ಸೆಕೆಂಡು ಬ್ರೇಕ್ ಹಿಡಿದಿಟ್ಟುಕೊಂಡಿತು, ನಾನು ಅಷ್ಟರೊಳಗೆ ಕ್ಲಚ್ ಬಿಟ್ಟು ಎತ್ತಿಕೊಂಡೆ. ಬ್ರೋಷರಿನಲ್ಲಿ ಒಂದು ಸಾಲು, ಅಷ್ಟೇ. ಆ ಏರಿನಲ್ಲಿ ನನಗದು ದೇವರು. ಘಟ್ಟದ ಕಡೆ ಹೊಸದಾಗಿ ಓಡಿಸೋರು ಎರಡು ವಿಷಯ ನೆನಪಿಟ್ಟುಕೊಳ್ಳಿ: ಏರುತ್ತಿರುವ ಗಾಡಿಗೆ ಇಳಿಯುತ್ತಿರುವವರು ದಾರಿ ಬಿಡಬೇಕು. ಮತ್ತೆ, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದುಹೋಗುತ್ತೆ.

ಊರು ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಒಂದೇ ಉಸಿರಲ್ಲಿ ಹೋದರೆ ಐದು ಗಂಟೆಯ ದಾರಿಗೆ ನಮಗೆ ಎಂಟು ಗಂಟೆ. ಒಂಬತ್ತು ಸಲ ನಿಂತಿದ್ದೆವು.

ಅಣ್ಣ ತಮ್ಮ

ಮೂರು ವರ್ಷದ ಮೇಲೆ ಭೇಟಿ, ಅಪ್ಪ ಅಳಬಹುದೇನೋ ಅಂತ ನಾನು ಒಳಗೊಳಗೇ ಸಿದ್ಧವಾಗಿದ್ದೆ. ದೊಡ್ಡಪ್ಪನಿಗೀಗ 79. ಕೋಲು ಊರಿಕೊಂಡು ಕಾಫಿ ಕಣದ ಅಂಚಿಗೆ ಬಂದರು. ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಗಾಡಿ ನೋಡಿದರು. ಕೇಳಿದ್ದು ಒಂದೇ: "ಎಷ್ಟು ಕೊಡುತ್ತೆ?"

ಸರಿ, ಎರಡನೇ ಪ್ರಶ್ನೆಗೂ ಉತ್ತರ ಕೊಟ್ಟುಬಿಡ್ತೀನಿ. ಟ್ಯಾಂಕ್ 45 ಲೀಟರ್. ಮ್ಯಾನುವಲ್ ಪೆಟ್ರೋಲ್ ಗಾಡಿಗೆ ಕಂಪನಿಯ ಪರೀಕ್ಷೆಯ ಅಂಕಿ ಲೀಟರಿಗೆ 20.51 ಕಿ.ಮೀ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಾನು 12 ದಾಟಿಸಿಲ್ಲ. ಈ ಪ್ರಯಾಣದಲ್ಲಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿದರೆ 560 ಕಿ.ಮೀ.ಗೆ 33 ಲೀಟರ್, ಅಂದರೆ ಸುಮಾರು 17. ಆರು ಜನ, ಏರುದಾರಿ, ಅಷ್ಟೊಂದು ಸಲ ನಿಂತು ಹೊರಟದ್ದು ಎಲ್ಲ ಸೇರಿ ಇದು. ಡ್ಯಾಶ್‌ಬೋರ್ಡ್ ತೋರಿಸೋದನ್ನೇ ನಂಬಿ ಕೂರಬೇಡಿ, ಬಂಕಿನ ಬಿಲ್ ಇಟ್ಟುಕೊಂಡು ಲೆಕ್ಕ ಹಾಕಿ.

ಮಾರನೇ ದಿನ ಬೆಳಗ್ಗೆ ಬಿಸಿಲೆ ಕಡೆ ಹೋಗೋಣ ಅಂದಾಗ ದೊಡ್ಡಪ್ಪ "ನಾನೆಲ್ಲಿ ಬರಲಿ, ನೀವು ಹೋಗಿಬನ್ನಿ" ಅಂದರು. ಅಪ್ಪ ಅವರನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದರು. ದೊಡ್ಡಪ್ಪ ಅಚ್ಚರಿಯಿಂದ ತಮ್ಮನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಬಿಳಿ ಪಂಚೆ, ಸ್ವೆಟರ್ ಹಾಕಿಕೊಂಡು ಬಂದರು. ಅಪ್ಪ ಹೇಳಿದ ಮಾತು ಅಮ್ಮನ ಮೂಲಕ ಆಮೇಲೆ ನನಗೆ ಗೊತ್ತಾಯ್ತು: "ಬಾ ಅಣ್ಣ, ನಿಲ್ಸು ಅಂದ್ರೆ ನಿಲ್ಲಿಸ್ತಾಳೆ." ದೊಡ್ಡಪ್ಪನಿಗೂ ಅದೇ ಸಮಸ್ಯೆ. ಎರಡು ವರ್ಷದಿಂದ ಮದುವೆ ಮನೆಗೂ ಹೋಗಿರಲಿಲ್ಲ, ಯಾರಿಗೂ ಹೇಳಿರಲಿಲ್ಲ, ಡಾಕ್ಟರಿಗೆ ಕೂಡ.

ಬಿಸಿಲೆ ದಾರಿಯಲ್ಲಿ, ಮಂಕನಹಳ್ಳಿ ಹತ್ತಿರ, ರಸ್ತೆ ಪಕ್ಕ ಒಂದು ಕಲ್ಲಿದೆ. ಗೊತ್ತಿಲ್ಲದಿದ್ದರೆ ಮೈಲಿಗಲ್ಲು ಅಂತ ದಾಟಿಕೊಂಡು ಹೋಗಿಬಿಡ್ತೀವಿ. ಅದು ಪಶ್ಚಿಮ ಘಟ್ಟದ ನೀರು ಇಬ್ಭಾಗವಾಗುವ ಜಾಗ. ಕಲ್ಲಿನ ಒಂದು ಕಡೆ ಬಿದ್ದ ಮಳೆ ಹೇಮಾವತಿ ಸೇರಿ, ಕಾವೇರಿಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತೆ. ಇನ್ನೊಂದು ಕಡೆಯದು ಕುಮಾರಧಾರಾ, ನೇತ್ರಾವತಿ ಮೂಲಕ ಅರಬ್ಬಿ ಸಮುದ್ರಕ್ಕೆ. ಮೇಷ್ಟ್ರು ಮಗಳ ಕೈಗೆ ನೀರಿನ ಬಾಟಲಿ ಕೊಟ್ಟು ಕಲ್ಲಿನ ನೆತ್ತಿ ಮೇಲೆ ಹೊಯ್ಯಿಸಿ ಭೂಗೋಳ ಪಾಠ ಮಾಡಿದರು. ಪಾಠ ಮುಗಿಸಿ ಅಣ್ಣ ತಮ್ಮ ಇಬ್ಬರೂ ಮಾತಾಡಿಕೊಂಡು ಸ್ವಲ್ಪ ದೂರ ಮರಗಳ ಮರೆಗೆ ಹೋದರು. ವಾಪಸ್ ಬರುವಾಗ ದೊಡ್ಡಪ್ಪ ನಗುತ್ತಿದ್ದರು. "ಇವನು ಬಂಗಾಳ ಕೊಲ್ಲಿಗೆ, ನಾನು ಅರಬ್ಬಿಗೆ" ಅಂದರು. ಅಮ್ಮ "ಥೂ, ಮಗು ಇದೆ" ಅಂತ ಸೆರಗು ಬಾಯಿಗಿಟ್ಟುಕೊಂಡಳು. ಚಿಕ್ಕಮ್ಮ ರಸ್ತೆ ಅಂಚಿನಲ್ಲೇ ಕೂತು ನಕ್ಕಳು.

ಬಿಸಿಲೆಯ ವ್ಯೂ ಪಾಯಿಂಟ್‌ನಲ್ಲಿ ಕುಮಾರ ಪರ್ವತದ ಸಾಲು ಮಂಜಿನಿಂದ ಒಂದೊಂದೇ ಎದ್ದು ಬಂತು. ಫೋಟೊ ಎಲ್ಲರೂ ತೆಗೆದುಕೊಂಡೆವು. ಆದರೆ ನನ್ನ ಫೋನಿನ ವಾಲ್‌ಪೇಪರ್ ಈಗ ಆ ಬೆಟ್ಟ ಅಲ್ಲ. ಗಾಡಿಯ ನಡುವಿನ ಸಾಲಿನಲ್ಲಿ ಇಬ್ಬರು ಮುದುಕರು ಒಂದೇ ಕಿಟಕಿಯಿಂದ ಹೊರಗೆ ನೋಡುತ್ತಿರುವ, ಸ್ವಲ್ಪ ಅಲುಗಾಡಿದ ಒಂದು ಫೋಟೊ.

ವಾಪಸ್ ಬರುವಾಗ

ಡಿಕ್ಕಿಯಲ್ಲಿ ಕಾಫಿ ಪುಡಿ, ಮೆಣಸು, ಒಂದು ಮೂಟೆ ಕಿತ್ತಳೆ, ಬೇಡ ಅಂದರೂ ತುರುಕಿದ ಎರಡು ಬಾಳೆಗೊನೆ. ಚಿಕ್ಕಮ್ಮ ಹಾಸನದಲ್ಲಿ ಇಳಿದುಕೊಂಡಳು. ದಾರಿಯಲ್ಲಿ ನಾನು ಎಂಜಿನ್ ರೆಸ್ಟ್ ನೆಪ ಹೇಳೋ ಅವಕಾಶವೇ ಬರಲಿಲ್ಲ. ಆಲೂರು ದಾಟುವಾಗ ಅಪ್ಪನೇ ಗಟ್ಟಿಯಾಗಿ ಹೇಳಿದರು: "ಅಲ್ಲೊಂದು ಬಂಕ್ ಕಾಣ್ತಿದೆ, ನಿಲ್ಸಮ್ಮ." ಸಂಕೋಚ ಇಲ್ಲ, ಪಿಸುಮಾತಿಲ್ಲ. ಇಂಡಿಕೇಟರ್ ಹಾಕಿ ಎಡಕ್ಕೆ ತೆಗೆದುಕೊಂಡೆ. ಬೆಂಗಳೂರಿಗೆ ಆರೇ ನಿಲುಗಡೆಯಲ್ಲಿ ಬಂದೆವು.

ಹೋದ ವಾರ ಊರಿಂದ ಫೋನ್ ಬಂತು. ದೊಡ್ಡಪ್ಪ ಹಾಸನದಲ್ಲಿ ಡಾಕ್ಟರಿಗೆ ತೋರಿಸಿದ್ದಾರೆ, ಮಾತ್ರೆ ಶುರುವಾಗಿದೆಯಂತೆ. ರಾತ್ರಿ ಏಳೋದು ಕಡಿಮೆಯಾಗಿದೆಯಂತೆ. ಅಪ್ಪ ಫೋನಿನಲ್ಲಿ ತಮ್ಮ ಮಾತ್ರೆ, ಅಣ್ಣನ ಮಾತ್ರೆ ಎರಡನ್ನೂ ಹೋಲಿಸಿ ಅರ್ಧ ಗಂಟೆ ಮಾತಾಡಿದರು, ಹಾಲ್‌ನಲ್ಲಿ, ಎಲ್ಲರೆದುರು.

ಇಎಂಐ ಇನ್ನೂ 58 ಕಂತು ಬಾಕಿ ಇದೆ. ಇವರ ಲೆಕ್ಕ ಇವತ್ತಿಗೂ ಸರಿಯೇ, ದುಡ್ಡಿನ ದೃಷ್ಟಿಯಲ್ಲಿ ಕ್ಯಾಬೇ ಅಗ್ಗ. ಬಂಪರಿನ ಗೀಟು ಹಾಗೇ ಇದೆ. ಮೂರನೇ ಸಾಲಿನ ಸಂದಿಯಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ ಇನ್ನೂ ಹೋಗಿಲ್ಲ.

ನೀವೂ ಮನೆಮಂದಿಗೆ ಅಂತ ಕಾರು ನೋಡುತ್ತಿದ್ದರೆ ನನ್ನದೊಂದೇ ಸಲಹೆ. ಟೆಸ್ಟ್ ಡ್ರೈವ್‌ಗೆ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಅವರು ಹತ್ತಲಿ, ಇಳಿಯಲಿ, ಮತ್ತೆ ಹತ್ತಲಿ. ಆಮೇಲೆ, ಅವರು ಎಲ್ಲಿಗೆ ಹೋಗೋದು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಅಂತ ಒಂದು ಸಲ ಕೇಳಿ. ಅವರು ಹೇಳದಿದ್ದರೆ ಅಮ್ಮನನ್ನು ಕೇಳಿ, ಸೊಪ್ಪು ಬಿಡಿಸುವಾಗ.

ಅಪ್ಪ ಈಗ ಕ್ಯಾಲೆಂಡರ್ ಮುಂದೆ ನಿಂತಿದ್ದಾರೆ. ಶಿವರಾತ್ರಿ ಯಾವ ವಾರ ಬರುತ್ತೆ ಅಂತ ನೋಡ್ತಿದ್ದಾರಂತೆ.